ಹಸಿರು ಗುರುತು

"ಒಂದ್ನಿಮಿಷ ಸಿಸ್ಟರ್, ಅದು ಯಾವ ಔಷಧಿ?"

ಸಿರಿಂಜು ಅಕ್ಕನ ತೋಳಿನ ಹತ್ತಿರ ಬಂದಾಗಿತ್ತು. ಆಪರೇಷನ್ ಆದವರಿಗೆಲ್ಲ ಕೊಡುವ ಪೆನಿಸಿಲಿನ್ ಎಂದಳು ನರ್ಸ್. ತಮ್ಮ ಕೈ ಅಡ್ಡ ಹಿಡಿದ. ಚಿಕ್ಕವಳಿದ್ದಾಗ ಅದೇ ಔಷಧಿಯಿಂದ ಅಕ್ಕನ ಮುಖ ಊದಿ, ಉಸಿರು ಕಟ್ಟಿ, ಅವಳು ಉಳಿದದ್ದೇ ಹೆಚ್ಚಾಗಿತ್ತು. ನಿನ್ನೆ ಅಡ್ಮಿಟ್ ಮಾಡುವಾಗ ಕೌಂಟರಿನಲ್ಲಿ ಅದನ್ನು ಎರಡೆರಡು ಸಲ ಹೇಳಿ ಬರೆಸಿದ್ದ.

ನರ್ಸ್ ಟ್ಯಾಬ್ ತಿರುಗಿಸಿ ತೋರಿಸಿದಳು. ಅಕ್ಕನ ಹೆಸರಿನ ಮುಂದೆ ಹಸಿರು ಗುರುತು. "ಅಲರ್ಜಿ ಏನೂ ಇಲ್ಲ ಅಂತಿದೆಯಲ್ಲ ಸರ್."

ಈ ಆಸ್ಪತ್ರೆಯ ಸಾಫ್ಟ್‌ವೇರ್ ಅವನದೇ ತಂಡದ ಕೆಲಸ. ಎರಡು ವರ್ಷದ ಹಿಂದೆ ರೋಗಿಗಳ ಮಾಹಿತಿ ಇಡುವ ಡೇಟಾಬೇಸ್ ಯಾವುದೆಂದು ಚರ್ಚೆಯಾದಾಗ ತಂಡದ ಹಿರಿಯಳೊಬ್ಬಳು ಎಲ್ಲವನ್ನೂ ಕೋಷ್ಟಕಗಳಲ್ಲಿ ಜೋಡಿಸುವ ರಿಲೇಷನಲ್ ಡೇಟಾಬೇಸೇ ಆಗಬೇಕೆಂದು ಪಟ್ಟು ಹಿಡಿದಿದ್ದಳು. ಎಲ್ಲ ರೋಗಿಗಳಿಗೂ ಒಂದೇ ಕೋಷ್ಟಕ, ಅಲರ್ಜಿಗೆ ಒಂದೇ ಕಾಲಂ, ಅದನ್ನು ತುಂಬದೆ ಮುಂದಕ್ಕೆ ಹೋಗಲು ಬಿಡಬಾರದು ಎಂದಿದ್ದಳು. ಇವನು ಮೂಗು ಮುರಿದಿದ್ದ. ವಾರ್ಡಿಗೊಂದು ಫಾರ್ಮ್ ಇರುವ ಕಡೆ ಕೋಷ್ಟಕ ಹೊಂದಿಸುತ್ತ ಕೂತರೆ ನಮ್ಮ ತಲೆ ನರೆಯುತ್ತದೆ, ಡಾಕ್ಯುಮೆಂಟ್ ಡೇಟಾಬೇಸ್ ಆದರೆ ರೋಗಿಗೊಂದು ಕಡತ, ಯಾರಿಗೆ ಹೇಗೆ ಬೇಕೋ ಹಾಗೆ ಬರೆದುಕೊಳ್ಳಲಿ ಎಂದಿದ್ದ. ಎಲ್ಲರೂ ನಕ್ಕು ಅವನ ಮಾತಿಗೇ ಒಪ್ಪಿದ್ದರು. ಮೂರೇ ತಿಂಗಳಲ್ಲಿ ಕೆಲಸ ಮುಗಿಸಿ ಬೆನ್ನು ತಟ್ಟಿಸಿಕೊಂಡಿದ್ದೂ ಆಗಿತ್ತು.

"ಅಲರ್ಜಿ ಅಂತ ಹುಡುಕಿದಾಗ ಏನೂ ಸಿಗದೆ ಇದ್ರೆ ಏನು ತೋರಿಸ್ತೀರಿ?" ಎಂದು ಆ ಹಿರಿಯಳು ಅಂದೇ ಕೇಳಿದ್ದಳು. ಆಮೇಲೆ ಯಾವಾಗಲೋ ಅವಸರದಲ್ಲಿ, ಏನೂ ಸಿಗದಿದ್ದರೆ ಹಸಿರು ಎಂದು ಅವನೇ ಒಂದು ಸಾಲು ಬರೆದು ಕೈತೊಳೆದುಕೊಂಡಿದ್ದ.

ಅವನು ಟ್ಯಾಬ್ ಕಿತ್ತುಕೊಂಡಂತೆ ತೆಗೆದುಕೊಂಡು ಅಕ್ಕನ ಕಡತವನ್ನು ಪೂರ್ತಿ ತೆರೆದ. ತೀರ ಕೆಳಗೆ ಇತ್ತು: 'ಒಗ್ಗದ ಔಷಧಿ: ಪೆನಿಸಿಲಿನ್.' ಕೌಂಟರಿನವರು ಬರೆದದ್ದು ತಮ್ಮ ಫಾರ್ಮಿನ ಶೀರ್ಷಿಕೆಯಲ್ಲಿ. ವಾರ್ಡಿನ ಪರದೆ ಹುಡುಕಿದ್ದು 'ಅಲರ್ಜಿ' ಎಂಬ ಶೀರ್ಷಿಕೆಯನ್ನು. ಸಿಗಲಿಲ್ಲ, ಹಸಿರು ತೋರಿಸಿತು.

ನರ್ಸ್ ಓದಿ, ಸಿರಿಂಜನ್ನು ಮೆಲ್ಲಗೆ ಟ್ರೇಯಲ್ಲಿಟ್ಟಳು. ಅಕ್ಕ ಮಂಪರಿನಲ್ಲೇ ಏನಾಯ್ತೋ ಎಂದಳು. ಏನಿಲ್ಲಕ್ಕ, ಮಲಗು ಎಂದ. ಹೋದ ಜೀವ ಬಂದಂತಾಗಿತ್ತು. ಸುಮ್ಮನಿದ್ದುಬಿಡಬಹುದಿತ್ತು.

"ಈ ಸಾಫ್ಟ್‌ವೇರ್ ನಾನೇ ಮಾಡಿದ್ದು ಸಿಸ್ಟರ್," ಎಂದ. "ಅದಕ್ಕೆ ಗೊತ್ತಿಲ್ಲದೆ ಇದ್ರೂ ಹಸಿರೇ ತೋರಿಸುತ್ತೆ."

ನರ್ಸ್ ಟ್ರೇಯಲ್ಲಿದ್ದ ಖಾಲಿ ಸಿರಿಂಜುಗಳನ್ನೇ ನೋಡುತ್ತ ನಿಂತಳು.

"ಆ ತುದಿಯಿಂದ ಎಲ್ರಿಗೂ ಹಸಿರು ನೋಡಿ ಇದನ್ನೇ ಕೊಡ್ತಾ ಬಂದೆ ಸರ್," ಎಂದಳು ಕೊನೆಗೆ. "ಇವರು ಏಳನೆಯವರು."

ವಾರ್ಡಿನ ಆ ತುದಿಯಲ್ಲಿ ಯಾರೋ ಕೆಮ್ಮತೊಡಗಿದರು.