ಮೂರು ಪ್ಲೇಯರ್, ಒಂದು ಹಾಡು

ಹಾಡಿನ ಕೊನೆಯ ಸಾಲು ಇನ್ನೂ ಮುಗಿದಿರಲಿಲ್ಲ. ಅಪ್ಪ ಕೈ ಚಾಚಿ ಗುಂಡಿ ಒತ್ತಿಬಿಟ್ಟ. ಅಮ್ಮನ ದನಿ ನಡುವೆಯೇ ಕಡಿದುಹೋಯಿತು.

“ಇದೇ ಸಾಕು. ಕಟ್ಟಿಕೊಡಿ.”

“ಅಪ್ಪಾ, ಇನ್ನೂ ಒಂದೇ ಕೇಳಿರೋದು!” ಎಂದಳು ಮಗಳು. “ಎರಡು ಬಾಕಿ ಇದೆ.”

“ಎಲ್ಲದರಲ್ಲೂ ಅದೇ ಹಾಡು ತಾನೇ? ಪೆಟ್ಟಿಗೆ ದೊಡ್ಡದಾದ್ರೆ ರಾಗ ಉದ್ದ ಆಗುತ್ತಾ?”

ಅಂಗಡಿಯವನು ನಕ್ಕ. ನಲವತ್ತು ವರ್ಷದಿಂದ ಹಾಡುವ ಯಂತ್ರಗಳನ್ನು ಮಾರುತ್ತಿದ್ದ ಅವನನ್ನು ಬೀದಿಯವರೆಲ್ಲ ಕಿವಿಯಣ್ಣ ಎಂದೇ ಕರೆಯುತ್ತಿದ್ದರು. ಮೇಜಿನ ಮೇಲೆ ಮೂರು ಸಿ.ಡಿ. ಪ್ಲೇಯರ್‌ಗಳನ್ನು ಸಾಲಾಗಿ ಇಟ್ಟಿದ್ದ. ಮೊದಲನೆಯದು ಅಗ್ಗ. ಎರಡನೆಯದು ಅದರ ಮೂರರಷ್ಟು. ಮೂರನೆಯದರ ಬೆಲೆ ಕೇಳಿದಾಗ ಅಪ್ಪ ಕುರ್ಚಿಯ ತೋಳು ಹಿಡಿದುಕೊಂಡಿದ್ದ.

ಎಂಜಲು ಕೈಯಲ್ಲಿ ಕಾಗೆ ಓಡಿಸದ ಮನುಷ್ಯ, ಎಂದುಕೊಂಡಳು ಮಗಳು. ಅಮ್ಮನ ವಿಷಯಕ್ಕೂ ಹೀಗೆಯೇ?

ಅಮ್ಮ ಹೋಗಿ ಎರಡು ತಿಂಗಳಾಗಿತ್ತು. ತನಗೆ ಬೇಕಾದವನನ್ನು ಮದುವೆಯಾದ ಮಗಳ ಜೊತೆ ಅಪ್ಪ ಮೂರು ವರ್ಷ ಮಾತು ಬಿಟ್ಟಿದ್ದ. ಅವಳಿಗೆ ಸುದ್ದಿ ಮುಟ್ಟಿದ್ದು ಎಲ್ಲ ಮುಗಿದ ಮೇಲೆ. “ಒಂದೇ ದಿನದಲ್ಲಿ ಆಗಿಹೋಯ್ತಮ್ಮ. ಯಾರಿಗೂ ಹೇಳುವಷ್ಟು ಹೊತ್ತು ಕೊಡಲಿಲ್ಲ ಭಗವಂತ,” ಎಂದು ಅಪ್ಪ ಅವಳ ತಲೆ ಸವರಿ ಅತ್ತಿದ್ದ. ಮೂರು ವರ್ಷದ ಮುನಿಸು ಆ ಅಳುವಿನಲ್ಲಿ ಕರಗಿತ್ತು. ನನ್ನನ್ನು ಕೇಳಿದಳಾ ಎಂದು ಮಗಳು ಆಮೇಲೆ ಹತ್ತು ಸಲ ಕೇಳಿದ್ದಳು. ಇಲ್ಲ, ನೆಮ್ಮದಿಯಾಗಿ ಹೋದಳು ಎಂದು ಅಪ್ಪ ಹತ್ತು ಸಲವೂ ಹೇಳಿದ್ದ. ಅಷ್ಟಾದರೂ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಕೊನೆಯ ದಿನಗಳಲ್ಲಿ ಅಮ್ಮ ಒಂದು ದೇವರ ಹಾಡು ಹಾಡಿದಳೆಂದೂ ಅಪ್ಪ ಅದನ್ನು ಧ್ವನಿಮುದ್ರಿಸಿ ಸಿ.ಡಿ. ಮಾಡಿಸಿದನೆಂದೂ ಬಾಯಿ ಬಿಟ್ಟವಳು ಚಿಕ್ಕಮ್ಮ. ಕೇಳೋಣವೆಂದರೆ ಮನೆಯ ಹಳೆಯ ಪ್ಲೇಯರ್ ಮಗಳು ಬಂದ ದಿನವೇ ಕೆಟ್ಟು ಕೂತಿತ್ತು. ಹೊಸದನ್ನು ತಾನೇ ಕೊಡಿಸುವೆನೆಂದು ಹಟ ಹಿಡಿದು ಅಪ್ಪನನ್ನು ಹೊರಡಿಸಿಕೊಂಡು ಬಂದಿದ್ದಳು.

“ಅಕ್ಕಾ, ಒಂದು ಮಾತು ಹೇಳ್ಲಾ?” ಎಂದ ಕಿವಿಯಣ್ಣ. “ಹಾಡು ಜೋರಾಗಿರುವಾಗ ಮೂರೂ ಒಂದೇ ಥರ. ನನ್ನ ಕಿವಿಗೇ ವ್ಯತ್ಯಾಸ ಗೊತ್ತಾಗಲ್ಲ. ದುಡ್ಡಿನ ಬೆಲೆ ತಿಳಿಯೋದು ಸದ್ದು ಕಮ್ಮಿ ಇರೋ ಕಡೆ. ಹಾಡು ಮುಗಿದ ಮೇಲೆ ಅರ್ಧ ನಿಮಿಷ ಸುಮ್ಮನೆ ಕೇಳಬೇಕು. ಯಜಮಾನ್ರು ಅಲ್ಲೇ ಕತ್ತರಿ ಹಾಕ್ತಿದ್ದಾರೆ!”

“ನೀವು ಮಾರೋರು. ಹೇಳದೆ ಇರ್ತೀರಾ?” ಎಂದ ಅಪ್ಪ. ಅವನ ಕಾಲು ಮೇಜಿನ ಕೆಳಗೆ ಒಂದೇ ಸಮನೆ ಕುಣಿಯುತ್ತಿತ್ತು.

ಕಿವಿಯಣ್ಣ ಅಗ್ಗದ ಪ್ಲೇಯರನ್ನೇ ಮತ್ತೆ ಓಡಿಸಿದ. ಈ ಸಲ ಮಗಳು ಅಪ್ಪನ ಕೈಯನ್ನು ತನ್ನ ಕೈಯೊಳಗೆ ಹಿಡಿದಿಟ್ಟುಕೊಂಡಳು. ಆ ಕೈ ಬೆವರಿತ್ತು. ಹಾಡು ಮುಗಿಯಿತು. ಆಮೇಲೆ ಬರೀ ಕೊರ್‌ ಎನ್ನುವ ಸದ್ದು. ಅಪ್ಪನ ಬೆರಳುಗಳು ಸಡಿಲಾದವು.

“ನೋಡಿದ್ಯಾ? ಏನಿದೆ ಅಲ್ಲಿ? ಏನೂ ಇಲ್ಲ.”

ಎರಡನೆಯದರಲ್ಲಿ ಅಮ್ಮ ಹತ್ತಿರ ಬಂದಳು. ಸಾಲಿನ ನಡುವೆ ಉಸಿರೆಳೆದುಕೊಂಡದ್ದು ಕೇಳಿಸಿತು. ಬಳೆ ಮಂಚದ ಪಟ್ಟಿಗೆ ತಾಗಿದ್ದು ಕೇಳಿಸಿತು. ಮಗಳ ಕಣ್ಣು ತುಂಬಿತು. ಹಾಡು ಮುಗಿದ ಮೇಲೆ ಪಕ್ಕದ ಕೋಣೆಯಲ್ಲಿ ಯಾರೋ ಗುಸುಗುಸು ಎಂದಂತೆ ಒಂದು ಸದ್ದು. ಅಷ್ಟರಲ್ಲಿ ಅಪ್ಪನಿಗೆ ಕೆಮ್ಮು ಹತ್ತಿತು. ಬಿಡದೆ ಕೆಮ್ಮಿದ.

“ಯಾರೋ ಮಾತಾಡಿದ ಹಾಗಿತ್ತು,” ಎಂದಳು ಮಗಳು.

“ಬೀದಿಯವರು. ಕಿಟಕಿ ತೆಗೆದಿತ್ತು ಅವತ್ತು.” ಅಪ್ಪ ಎದ್ದು ನಿಂತ. “ಪುಟ್ಟೀ, ಮೊದಲನೇದೇ ಇರಲಿ. ನಾನೊಬ್ಬ ಮುದುಕ ಕೇಳೋದಕ್ಕೆ ಅಷ್ಟೊಂದು ಯಾಕಮ್ಮ? ಕಿವುಡನ ಮುಂದೆ ಕಿನ್ನರಿ ನುಡಿಸಿದ ಹಾಗೆ.”

“ನಾನೂ ಕೇಳ್ಬೇಕಲ್ಲಪ್ಪ. ಅಮ್ಮನ ಉಸಿರು ಸಿಕ್ತು ನನಗೆ. ಅದಕ್ಕೆ ಎಷ್ಟಾದರೂ ಕೊಡ್ತೀನಿ.”

“ನಿನ್ನ ಗಂಡ ಏನಂತಾನೆ?”

“ಅವರು ನಿನ್ನ ಥರ ಅಲ್ಲ,” ಎಂದುಬಿಟ್ಟಳು. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅಪ್ಪ ಮತ್ತೆ ಕುರ್ಚಿಯಲ್ಲಿ ಕೂತ. ಪಾಪ, ಎಂದುಕೊಂಡಳು. ಹೆಂಡತಿಯ ದನಿ ಹತ್ತಿರವಾದಷ್ಟೂ ಸಹಿಸಲಾಗುತ್ತಿಲ್ಲ ಈ ಜೀವಕ್ಕೆ. ನಾನು ಜಿಪುಣತನ ಎಂದುಕೊಂಡೆನಲ್ಲ.

ಕಿವಿಯಣ್ಣ ಡಿಸ್ಕಿನ ಅಂಚು ಹಿಡಿದು ಎತ್ತಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಮೂರನೆಯದರ ತಟ್ಟೆಯಲ್ಲಿಟ್ಟ. ಬೀದಿಯ ಗದ್ದಲ ಬೇಡವೆಂದು ಹೆಡ್‌ಫೋನನ್ನು ಮಗಳ ಕಿವಿಗೆ ಹಾಕಿದ. ಅಪ್ಪ ಗುಂಡಿಯತ್ತ ಕೈ ಚಾಚಿದ. ಕಿವಿಯಣ್ಣ ಆ ಕೈಯನ್ನು ನಯವಾಗಿ ಸರಿಸಿದ.

“ಸ್ವಲ್ಪ ತಾಳಿ ಯಜಮಾನ್ರೇ. ಪೂರ್ತಿ ಕೇಳಲಿ.”

ಮಗಳಿಗೆ ಆ ಮಾತು ಕೇಳಲಿಲ್ಲ. ಅವಳ ಪಕ್ಕದಲ್ಲೇ ಅಮ್ಮ ಕೂತಿದ್ದಳು. ಹಾಡುತ್ತಿದ್ದಳು. ದನಿ ನಡುಗಿದರೂ ಶ್ರುತಿ ತಪ್ಪಿರಲಿಲ್ಲ. ದೇವರ ಹೆಸರಿನ ಮೇಲೆ ಹಾಡು ನಿಂತಿತು. ಮಂಚ ಕಿರುಗುಟ್ಟಿತು. ನೀರು ಗುಟುಕರಿಸಿದ ಸದ್ದು. ಲೋಟ ಕೆಳಗಿಟ್ಟ ಸದ್ದು. ಯಂತ್ರವನ್ನು ನಿಲ್ಲಿಸಲು ಯಾರಿಗೂ ನೆನಪಾಗಿರಲಿಲ್ಲ.

“ರೀ,” ಎಂದಳು ಅಮ್ಮ, ಕಿವಿಯಲ್ಲೇ ಹೇಳಿದಷ್ಟು ಸ್ಪಷ್ಟವಾಗಿ. “ವಾರದಿಂದ ಕೇಳ್ತಾನೇ ಇದೀನಿ. ಪುಟ್ಟಿಗೆ ಹೇಳಿ ಕಳಿಸಿದ್ರಾ?”

“ಎರಡು ಸಲ ಫೋನ್ ಮಾಡಿದೆ ಕಣೇ,” ಎಂದಿತು ಅಪ್ಪನ ದನಿ. “ಬರಲ್ಲ ಅಂದ್ಳು.”