ಹತ್ತು ಗಂಟೆಯ ಬಸ್ಸಿಗೆ ಹೋದ ನೆರಳು

ಊರ ಹುಣಸೆಮರದ ನೆರಳನ್ನು ಮಡಚಿ ಬೆಂಗಳೂರಿಗೆ ಕಳಿಸುವುದು ಮುನಿರತ್ನಮ್ಮನ ದಿನದ ಕೆಲಸ. ಅಲ್ಲಿ ಮರವಿಲ್ಲದ ಬಸ್ ಸ್ಟಾಪುಗಳಲ್ಲಿ ಅದನ್ನು ಹಾಸುತ್ತಾರೆ. ಮಡಚುವ ಮುಂಚೆ ಕೋಲಿನಿಂದ ನೆಲಕ್ಕೆ ಮೂರು ಸಲ ಬಡಿದು, "ಯಾರಾನ ಮಲಗಿದ್ರೆ ಎದ್ದೋಗ್ರಪ್ಪೋ" ಎಂದು ಕೂಗಬೇಕು; ಅದು ಅವಳ ಅತ್ತೆ ಚಿನ್ನಕ್ಕ ಹಾಕಿಕೊಟ್ಟ ಪದ್ಧತಿ. ಇವತ್ತು ಹತ್ತು ಗಂಟೆಯ ಬಸ್ಸು ಹಾರ್ನ್ ಹೊಡೆದೇ ಹೊಡೆಯಿತು. ಕೂಗುವಷ್ಟು ಪುರುಸೊತ್ತು ಎಲ್ಲಿತ್ತು? ಸೀರೆ ಮಡಚಿದಂತೆ ಪಟಪಟನೆ ಮಡಚಿ, ಗೋಣಿಚೀಲಕ್ಕೆ ತುರುಕಿ, ಬಸ್ಸಿನ ಮೇಲೆ ಹಾಕಿಸಿದಳು.

ತಿರುಗಿ ನೋಡಿದರೆ ಮರದ ಬುಡದ ಆಚೆ ಬದಿಯಲ್ಲಿ, ಬಿರುಬಿಸಿಲಲ್ಲಿ, ಅತ್ತೆ ಎದ್ದು ಕೂತಿದ್ದಳು. ಕುಟ್ಟಾಣಿಯಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದಳು. ಸದ್ದೇ ಇಲ್ಲ. ಅವಳ ಪಕ್ಕದಲ್ಲಿ ಅವಳ ನೆರಳೂ ಇಲ್ಲ.

ಮಧ್ಯಾಹ್ನ ಬೆಂಗಳೂರಿನಿಂದ ನೆರಳು ಹಾಸುವವನ ಫೋನ್ ಬಂತು. "ಏನಮ್ಮಾ, ಇವತ್ತಿನ ನೆರಳಲ್ಲಿ ಏನೋ ಕುಟ್ಟೋ ಸದ್ದು ಬರ್ತಿದೆ? ಇರ್ಲಿ ಬಿಡಿ, ಜನಕ್ಕೆ ಹಿಡಿಸಿದೆ. ಬಸ್ ಬಂದ್ರೂ ಏಳ್ತಾನೇ ಇಲ್ಲ."

ಮುನಿರತ್ನಮ್ಮ ಫೋನ್ ಕಿವಿಗೆ ಹಿಡಿದೇ ಮರದ ಬುಡದತ್ತ ತಿರುಗಿದಳು. ಎದುರಿಗೆ ಅತ್ತೆ ಬಾಯಿ ತೆರೆದು ಏನೋ ಹೇಳುತ್ತಿದ್ದಳು. ದನಿ ಮಾತ್ರ ಫೋನಿನಲ್ಲಿ ಕೇಳಿಸಿತು:

"ರತ್ನಾ, ಇವ್ರೆಲ್ಲ ನನ್ನ ಮೇಲೇ ಕುಂತವ್ರೆ ಕಣೇ. ಒಂದ್ಸಲ ಕೂಗೇ, ಎದ್ದೋಗ್ಲಿ."