ಎಸೆದ ಮೂರು

ಎತ್ತಿದ ಬಿಲ್ಲೆಯನ್ನು ತೊಕಿಯೆ ಒಮ್ಮೆ ನೋಡಿ, ಅದೇ ಉಸಿರಿನಲ್ಲಿ ಮಾಜಾಂಗ್ ಮೇಜಿನ ಮೇಲೆ ಎಸೆದರು. ಬಿದಿರಿನ ಗುರುತಿನ ಮೂರು. ಅದರ ಪಕ್ಕದಲ್ಲೇ, ಅವರು ಆಗಲೇ ಎಸೆದಿದ್ದ ಬಿದಿರಿನ ಒಂದು ಮತ್ತು ಎರಡು.

“ಅಯ್ಯೋ ಅಕ್ಕಾ, ಸ್ವಲ್ಪ ಕಾದಿದ್ರೆ ಮೂರರ ಸಾಲು ಕೈಯಲ್ಲೇ ಕೂಡ್ತಿತ್ತಲ್ಲ,” ಎಂದು ಎದುರು ಕೂತಿದ್ದ ಸಗಾರ ನಕ್ಕ. ಈ ಆಟ ಗೆದ್ದವರೇ ತಮ್ಮ ಮಾಜಾಂಗ್ ಸಂಘದ ಪರವಾಗಿ ನಗೋಯಾದ ಪಂದ್ಯಕ್ಕೆ ಹೋಗುವವರು.

ತೊಕಿಯೆ ಬಾರ್ಲಿ ಚಹಾ ಗುಟುಕರಿಸಿದರು. “ಒಂದು-ಎರಡಕ್ಕೆ ಮೂರೊಂದೇ ದಾರಿ. ಅಂಥ ಜೋಡಿನ ಮೊದಲು ಬಿಡಿ, ಬಿಟ್ಮೇಲೆ ತಿರುಗಿ ನೋಡ್ಬೇಡಿ ಅಂತ ಮೇಷ್ಟ್ರೇ ಹೇಳ್ಕೊಟ್ಟಿದ್ದಲ್ವಾ?”

ಅವರ ಬಲಕ್ಕೆ ಕೂತಿದ್ದ ಇವಾಬುಚಿ ಮೇಷ್ಟ್ರು ತಮ್ಮ ಬಿಲ್ಲೆಗಳ ಮೇಲೆ ಬೆರಳಾಡಿಸಿದರು. ಅವರ ಕೈಯಲ್ಲೂ ಬಿದಿರಿನ ಒಂದು-ಎರಡು ಮೊದಲಿನಿಂದ ಕಾದು ಕೂತಿದ್ದವು. ಮನಸ್ಸು ತಡೆಯಲಿಲ್ಲ. “ಚೀ,” ಎಂದು, ಸಾಲು ಕೂಡಿಸಲು ಎತ್ತುವವರ ಕೂಗು ಹಾಕಿ, ತೊಕಿಯೆ ಎಸೆದ ಮೂರನ್ನು ಎತ್ತಿಕೊಂಡು, ನಿಯಮದಂತೆ ತಮ್ಮ ಜೋಡಿಯ ಜೊತೆ ಎಲ್ಲರಿಗೂ ಕಾಣುವಂತೆ ಇಟ್ಟರು. ಸಗಾರನ ನಗು ನಿಂತಿತು. ಎತ್ತಿಕೊಂಡವರು ಒಂದನ್ನು ಬಿಡಲೇಬೇಕು. ಮೇಷ್ಟ್ರು ಚಕ್ರದ ಏಳನ್ನು ಬಿಟ್ಟರು.

“ರೋನ್,” ಎಂದು ಆ ಏಳರ ಮೇಲೆಯೇ ಮೆಲ್ಲಗೆ ಗೆಲುವು ಸಾರಿ, ತೊಕಿಯೆ ತಮ್ಮ ಬಿಲ್ಲೆಗಳನ್ನು ಮಲಗಿಸಿದರು. ಕೊನೆಯಲ್ಲಿ ಚಕ್ರದ ಐದು-ಆರು ಇದ್ದವು. ನಾಲ್ಕು ಬಂದರೂ ಸೈ, ಏಳು ಬಂದರೂ ಸೈ.

ಮೇಷ್ಟ್ರು ಆ ಜೋಡಿಯನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಹಣೆ ಮೇಜಿಗೆ ತಾಗುವಷ್ಟು ಬಾಗಿದರು.

“ಇಷ್ಟು ವರ್ಷ ಬಾಯಲ್ಲಿ ಹೇಳ್ತಿದ್ದೆ,” ಎಂದರು. “ಕೈಯಲ್ಲಿ ನೋಡಿದ್ದು ಇವತ್ತೇ.”